ಅಳಿವೆ ಬಾಗಿಲಿನ ಊರು: ಮಂಗಳೂರು ಬಂದರಿನ ದರ್ಶನ

ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸದ ಪಟ್ಟಿಯಲ್ಲಿ ಮಂಗಳೂರಿನ ಹೆಸರು ಇರುವುದು ಸಾಮಾನ್ಯ. ಆದರೆ ಅದು ಇರುವ ಬಗೆ ಮಾತ್ರ ವಿಚಾರಣೀಯವಾದುದು. ಧರ್ಮಸ್ಥಳದಲ್ಲಿ ದರ್ಶನ, ಸುಬ್ರಹ್ಮಣ್ಯದಲ್ಲಿ ವಸತಿ, ಕಟೀಲಿನಲ್ಲಿ ಪ್ರಸಾದ, ಸಂಜೆಗೆ ಪಣಂಬೂರಿನ ಕಡಲ ತೀರದಲ್ಲಿ ಒಂದು ಗಂಟೆಯ ಆಟ. ಇವುಗಳ ನಡುವೆ ಬಸ್ಸು ಮಂಗಳೂರನ್ನು ಹಾದು ಹೋಗುತ್ತದೆ. ಮಕ್ಕಳು ಆಗ ನಿದ್ರೆಯಲ್ಲಿರುತ್ತಾರೆ. ಸಾವಿರದ ಐನೂರು ವರ್ಷಗಳಿಗೂ ಹಿಂದಿನಿಂದ ಪರದೇಶದ ವರ್ತಕರು ಹೆಸರು ಹಿಡಿದು ಹುಡುಕಿಕೊಂಡು ಬಂದ ಊರನ್ನು ನಾವು ಕೇವಲ ದಾರಿಯ ಊರಾಗಿ ಮಾಡಿಕೊಂಡಿದ್ದೇವೆ. ಆ ಊರಿಗೆ ಎರಡು ದಿನಗಳನ್ನು ಮೀಸಲಿಟ್ಟರೆ ಏನನ್ನು ನೋಡಬಹುದು, ನೋಡಿದ್ದನ್ನು ಹೇಗೆ ಓದಿಕೊಳ್ಳಬಹುದು ಎಂಬುದನ್ನು ಅಧ್ಯಾಪಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಜಾಲಹಳ್ಳಿಯ ನಮಗೆ ಇದು ಪರಕೀಯವಾದ ವಿಷಯವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿದ್ದ ನೆಲ ಇದು. ೧೯೫೩ರಲ್ಲಿ ಆರಂಭವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರವಿತ್ತು. ಮರುವರ್ಷ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಫ್ರಾನ್ಸಿನ ಸಂಸ್ಥೆಯೊಂದರ ನೆರವಿತ್ತು. ಹೊರಗಿನವರ ಕಸುಬು ಒಳಗಿನವರ ಕೈಗೆ ಹೇಗೆ ದಾಟುತ್ತದೆಂಬುದನ್ನು ನಮ್ಮ ಹಿಂದಿನ ವಿದ್ಯಾರ್ಥಿಗಳ ತಂದೆಯರೇ ಆ ಕಾರ್ಖಾನೆಗಳಲ್ಲಿ ಕಂಡವರು. ಇಲ್ಲಿ ಕೆಲವು ದಶಕಗಳಲ್ಲಿ ನಡೆದುದು ಮಂಗಳೂರಿನಲ್ಲಿ ಶತಮಾನಗಳ ಉದ್ದಕ್ಕೂ ನಡೆಯಿತು.

ಮೊದಲು ನೀರನ್ನು ಅರಿಯಬೇಕು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ (ಫಲ್ಗುಣಿಯೆಂದೂ ಕರೆಯುವುದುಂಟು) ಬಂದು ಕಡಲಂಚಿನಲ್ಲಿ ಕೂಡುತ್ತವೆ. ಇವೆರಡರ ಮತ್ತು ಸಮುದ್ರದ ನಡುವೆ ಬೆಂಗ್ರೆ, ತಣ್ಣೀರುಬಾವಿಗಳ ಉದ್ದನೆಯ ಮರಳ ದಿಣ್ಣೆ ಗೋಡೆಯಂತೆ ನಿಂತಿದೆ. ಗೋಡೆಯ ಒಳಗೆ ಶಾಂತವಾದ ಹಿನ್ನೀರು, ಹೊರಗೆ ತೆರೆದ ಕಡಲು. ನಡುವಿನ ಕಿರಿದಾದ ಬಾಯಿಯೇ ಅಳಿವೆ. ಈ ಅಳಿವೆಯ ತಳದಲ್ಲಿ ಸದಾ ಮರಳು ತುಂಬುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರವು. ಅವು ದೂರದ ಕಡಲಿನಲ್ಲಿ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಏರಿಸಿ ಇಳಿಸುತ್ತಿದ್ದರು. ಜೂನ್ ತಿಂಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಬಂದರಿನ ಬಾಗಿಲು ಮುಚ್ಚಿತು. ತುಳುವರ ಆಟಿ ತಿಂಗಳು ಬಡತನದ ತಿಂಗಳೆನಿಸಿಕೊಂಡದ್ದು ಹೊಲದ ಕಾರಣದಿಂದ ಮಾತ್ರವಲ್ಲ, ಕಡಲ ಕಾರಣದಿಂದಲೂ ಹೌದು. ಮಳೆಗಾಳಿಯ ಮೇಲೆ ಬಂದ ಪರದೇಶದ ವರ್ತಕನು ಹಿಂದಿರುಗುವ ಗಾಳಿ ಬೀಸುವವರೆಗೆ ಇಲ್ಲಿಯೇ ಉಳಿಯಬೇಕು. ಉಳಿದವನಿಗೆ ಮನೆ ಬೇಕು, ಪ್ರಾರ್ಥನೆಯ ಸ್ಥಳ ಬೇಕು, ನೆಲದ ಭಾಷೆ ಬೇಕು. ಮಂಗಳೂರಿನ ಸಮಾಜ ಹೀಗೆ ಗಾಳಿಯ ಗಡುವಿನಿಂದ ಕಟ್ಟಲ್ಪಟ್ಟ ಸಮಾಜ. ಕನ್ನಡಿಗರಿಗೆ ಮಂಗಳೂರು, ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಹೀಗೆ ಒಂದೇ ಊರು ನಾಲ್ಕು ಹೆಸರುಗಳಲ್ಲಿ ಏಕಕಾಲಕ್ಕೆ ಬದುಕುತ್ತಿದೆ.

ಆರನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸ್ ಮೆಣಸಿನ ಬಂದರುಗಳನ್ನು ಎಣಿಸುವಾಗ ‘ಮಂಗರೂತ್’ ಎಂಬ ಹೆಸರನ್ನು ಹೇಳುತ್ತಾನೆ. ಅಲ್ಲಿಂದ ಮುಂದೆ ಆಳುಪ ಅರಸರ ಕಾಲ. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಲೋಹವಿಗ್ರಹದ ಪೀಠದ ಮೇಲೆ ಆಳುಪ ಕುಂದವರ್ಮನ ಕ್ರಿ. ಶ. ೯೬೮ರ ಶಾಸನವಿದೆ. ಶೈವ, ಬೌದ್ಧ, ನಾಥ ಪರಂಪರೆಗಳು ಒಂದೇ ಗುಡ್ಡದ ಮೇಲೆ ಕೂಡಿರುವ ಈ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ದಾಗ ಕೈಮುಗಿಸಿ ಹೊರಡಿಸದೆ ಆ ಎರಕದ ಕೆಲಸವನ್ನು ಸಾವಕಾಶವಾಗಿ ತೋರಿಸಬೇಕು. ಏಕೆಂದರೆ ಲೋಹದ ಕೆಲಸವೇ ಮುಂದೆ ಒಬ್ಬ ವಿಚಿತ್ರ ಅತಿಥಿಯನ್ನು ಈ ಊರಿನಲ್ಲಿ ಹದಿನೇಳು ವರ್ಷಗಳ ಕಾಲ ನಿಲ್ಲಿಸಿತು.

ಆತನ ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾದ ಯೆಹೂದಿ ವರ್ತಕ. ೧೧೩೨ರ ಸುಮಾರಿಗೆ ಮಂಗಳೂರಿಗೆ ಬಂದು ೧೧೪೯ರವರೆಗೆ ಈ ತೀರದಲ್ಲಿದ್ದನು. ಏಡನ್‌ನ ಗೆಳೆಯರು ಒಡೆದ ಹಳೆಯ ತಾಮ್ರ ಹಿತ್ತಾಳೆಗಳನ್ನು ಕಳುಹಿಸುತ್ತಿದ್ದರು. ಬೆನ್ ಯಿಜುವಿನ ಕಮ್ಮಟದಲ್ಲಿ ಇಲ್ಲಿನ ಕುಶಲಿಗಳು ಅದನ್ನು ಕರಗಿಸಿ ಹೊಸ ಪಾತ್ರೆಗಳನ್ನು ಮಾಡಿ ಹಿಂದಕ್ಕೆ ಕಳುಹಿಸುತ್ತಿದ್ದರು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಬರೆಯುವ ಕಾಗದ ಬರುತ್ತಿತ್ತು. ನಮ್ಮವರು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಾಲ ಅದು. ೧೧೩೨ರ ಅಕ್ಟೋಬರ್ ೧೭ರಂದು ಆತನು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟನು. ಆಕೆಯನ್ನೇ ವರಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಆತನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿ ಬಂದ ದಾಸನೊಬ್ಬನಿದ್ದನು. ಕಾಗದಗಳಲ್ಲಿ ಕಾಣುವ ಅವನ ಹೆಸರನ್ನು ‘ಬೊಮ್ಮ’ ಎಂದು ಓದಿದ್ದಾರೆ. ಬೊಮ್ಮ ಎಂಬುದು ನಮ್ಮ ನೆಲದ ಹೆಸರೆಂದು ಕನ್ನಡಿಗನಿಗೆ ಹೇಳಬೇಕಾಗಿಲ್ಲ.

ಇವೆಲ್ಲ ತಿಳಿದದ್ದು ಹೇಗೆ? ದೇವರ ಹೆಸರಿರುವ ಕಾಗದವನ್ನು ಹರಿದು ಎಸೆಯಬಾರದೆಂಬ ಯೆಹೂದಿ ನಿಯಮದಿಂದಾಗಿ ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಹಳೆಯ ಕಾಗದಗಳೆಲ್ಲ ಶತಮಾನಗಳವರೆಗೆ ರಾಶಿಯಾಗಿ ಬಿದ್ದಿದ್ದವು. ಮಂಗಳೂರಿನ ದಾಸನೊಬ್ಬನ ಸಂಬಳದ ಲೆಕ್ಕ ಆ ರಾಶಿಯಲ್ಲಿ ಉಳಿದು ಬಂತು. ಎಸ್. ಡಿ. ಗೋಯಿಟೈನ್ ಈ ಪತ್ರಗಳನ್ನು ಸಂಗ್ರಹಿಸಿ ಅಭ್ಯಸಿಸಿದರು; ಅಮಿತಾವ್ ಘೋಷ್ ೧೯೯೨ರಲ್ಲಿ ಪ್ರಕಟಿಸಿದ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಎಂಬ ಕೃತಿಯಲ್ಲಿ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೇ ಬಂದರು. ಬೆನ್ ಯಿಜುವಿನ ಮನೆಯಾಗಲಿ ಕಮ್ಮಟವಾಗಲಿ ಇಂದು ಇಲ್ಲ. ಆದರೂ ಬಂದರು ಬೀದಿಯಲ್ಲಿ ನಿಂತು ಈ ಕಥೆಯನ್ನು ಹೇಳಿದರೆ ಮಕ್ಕಳು ಕಿವಿಗೊಡದೆ ಇರಲಾರರು. ಇತಿಹಾಸವೆಂದರೆ ಅರಸರ ವಂಶಾವಳಿಯೆಂದು ಬಾಯಿಪಾಠ ಮಾಡಿದವರಿಗೆ ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಉಳಿದ ಸಂಗತಿ ಹೊಸ ಬಾಗಿಲನ್ನೇ ತೆರೆಯುತ್ತದೆ.

‘ಬಂದರು’ ಎಂಬ ಶಬ್ದವೇ ಪಾರಸಿಯಿಂದ ಬಂದುದು. ೧೩೪೨ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತನು ಪಾರಸ ಮತ್ತು ಯೆಮೆನ್ ದೇಶಗಳ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಈ ಊರಿನಲ್ಲಿಯೇ ಎಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ, ಊರ ಬದಿಯಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಮುಸಲ್ಮಾನರು ನೆಲೆಸಿರುವರೆಂದೂ ಬರೆದಿದ್ದಾನೆ. ಬಂದರು ಪ್ರದೇಶದ ಜೀನತ್ ಬಕ್ಷ್ ಜುಮ್ಮಾ ಮಸೀದಿಯು ಇಸ್ಲಾಮಿನ ಆದಿಕಾಲದಲ್ಲಿಯೇ ಅರಬ್ ವರ್ತಕರಿಂದ ಸ್ಥಾಪಿತವಾಯಿತೆಂಬುದು ಪರಂಪರೆಯ ಮಾತು. ಟಿಪ್ಪುವಿನ ಕಾಲದಲ್ಲಿ ವಿಸ್ತರಣೆಯಾಗಿ ಅವನ ಮಗಳ ಹೆಸರನ್ನು ಪಡೆಯಿತೆನ್ನುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಿದರೆ ನಮ್ಮ ಕರಾವಳಿಯ ದೇವಾಲಯಗಳನ್ನೂ ಗುತ್ತುಮನೆಗಳನ್ನೂ ಕಟ್ಟಿದ ಬಡಗಿಯ ಕೈಯೇ ಇಲ್ಲಿಯೂ ದುಡಿದಿದೆಯೆಂದು ಯಾರಿಗಾದರೂ ತೋರುತ್ತದೆ. ಅನುಮತಿ ಪಡೆದು, ಪ್ರಾರ್ಥನೆಯ ವೇಳೆಯನ್ನು ತಪ್ಪಿಸಿ ಹೋಗುವುದು ಉಚಿತ.

ಪೋರ್ಚುಗೀಸರ ಅಧ್ಯಾಯ ಇವರೆಲ್ಲರಿಗಿಂತ ಭಿನ್ನವಾದುದು. ಅವರಿಗಿಂತ ಹಿಂದಿನ ವರ್ತಕರು ಅರಸನ ಆಶ್ರಯದಲ್ಲಿ ವ್ಯಾಪಾರ ಮಾಡಿದರೆ, ಇವರು ಕಡಲೇ ತಮ್ಮದೆಂದರು. ಅವರ ರಹದಾರಿಯಾದ ‘ಕರ್ತಾಜ್’ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. ೧೫೬೮ರಲ್ಲಿ ಮಂಗಳೂರನ್ನು ವಶಪಡಿಸಿಕೊಂಡು ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಕಟ್ಟಿದರು. ಅವರಿಗೆ ಬೇಕಾದದ್ದು ಮೆಣಸು ಮಾತ್ರವೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ವಾಸ್ತವವಾಗಿ ಮೆಣಸಿನಷ್ಟೇ ಅಕ್ಕಿಯೂ ಬೇಕಾಗಿತ್ತು. ಗೋವೆಯ ಜನರೂ ಮಸ್ಕತ್ತಿನವರೆಗಿನ ಕೋಟೆಗಳ ಸಿಪಾಯಿಗಳೂ ಉಣ್ಣುತ್ತಿದ್ದುದು ಕನ್ನಡ ಕರಾವಳಿಯ ಅಕ್ಕಿಯನ್ನು. ಆದ್ದರಿಂದ ಅಕ್ಕಿಯ ಒಡೆತನ ಯಾರದೋ ಅವನೇ ಬಲಿಷ್ಠ. ಉಳ್ಳಾಲದ ರಾಣಿ ಅಬ್ಬಕ್ಕ ಅವರೊಡನೆ ಹೋರಾಡಿದ ಕಥೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಅದರ ತೂಕ ಹೆಚ್ಚುತ್ತದೆ.

೧೬೨೩ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬರಿಗಾಲಿನಲ್ಲಿ, ಸಾಧಾರಣ ಹತ್ತಿಯ ಬಟ್ಟೆಯುಟ್ಟು, ಅಗೆಯುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು ನಡೆದುಹೋಗುತ್ತಿದ್ದ ರಾಣಿ ಆಕೆ. ಅದೇ ಪ್ರವಾಸಿ ಇಕ್ಕೇರಿಗೆ ಹೋಗುವ ಘಟ್ಟದ ದಾರಿಯಲ್ಲಿ ದೇವಾಲಯದ ಜಗಲಿಯ ಮೇಲೆ ಹುಡುಗರು ಮರಳು ಹರಡಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ ರಾಗವಾಗಿ ಮಗ್ಗಿ ಹೇಳುವುದನ್ನು ಕಂಡು ನಿಂತನು. ಉಪಾಧ್ಯಾಯರಿಲ್ಲದಿರುವಾಗ ಮರೆತರೆ ಏನು ಮಾಡುವಿರೆಂದು ಕೇಳಿದನಂತೆ. ನಾವೆಲ್ಲರೂ ಒಟ್ಟಿಗೆ ಒಂದನ್ನೇ ಮರೆಯುವುದು ಸಾಧ್ಯವಿಲ್ಲವೆಂದು ಅವರು ಉತ್ತರಿಸಿದರಂತೆ. ಅಧ್ಯಾಪಕರ ಸಂಚಿಕೆಯಲ್ಲಿ ಈ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ಕೆಳದಿ ಅರಸರ ವಿಷಯ. ವೀರಶೈವ ಪರಂಪರೆಯ ಈ ಮನೆತನದ ಶಿವಪ್ಪನಾಯಕನು (೧೬೪೫–೧೬೬೦) ಭೂಕಂದಾಯದ ‘ಶಿಸ್ತಿ’ಗೆ ಹೆಸರಾದವನೆಂದು ನಾವೆಲ್ಲ ಬಲ್ಲೆವು. ಕಡಲಿನ ಕಡೆಯಿಂದ ನೋಡಿದರೆ ಅವನ ಇನ್ನೊಂದು ಮುಖ ಕಾಣುತ್ತದೆ. ೧೬೫೨ರಿಂದ ೧೬೫೪ರ ಒಳಗಾಗಿ ಹೊನ್ನಾವರ, ಕುಂದಾಪುರ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳೆಲ್ಲ ಅವನ ಕೈಗೆ ಬಂದವು. ಘಟ್ಟದ ಮೇಲಿನ ಮೆಣಸು, ಘಟ್ಟದ ಕೆಳಗಿನ ಅಕ್ಕಿ, ಅದನ್ನು ಹೊರಗೊಯ್ಯುವ ಬಂದರು, ಮೂರೂ ಒಬ್ಬನೇ ಅರಸನ ಅಧೀನಕ್ಕೆ ಬಂದ ಕಾಲವದು. ಮುಂದೆ ನಡೆದುದು ಇನ್ನೂ ಸ್ವಾರಸ್ಯಕರ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತವಳೆಂದು ಪ್ರಸಿದ್ಧಳಾದ ರಾಣಿ ಚೆನ್ನಮ್ಮಾಜಿಯು ೧೬೭೮ರ ಒಪ್ಪಂದದಂತೆ ಅದೇ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ವ್ಯಾಪಾರದ ಕೋಠಿಯನ್ನು ಹೊಂದಲು, ತನ್ನ ರಾಜ್ಯದಲ್ಲಿ ಇಗರ್ಜಿಗಳನ್ನು ಕಟ್ಟಲು ಅವಕಾಶವಿತ್ತಳು. ಕೋಟೆಯ ಒಡೆಯರಾಗಿದ್ದವರು ಕೋಠಿಯ ವರ್ತಕರಾಗಿ ಮರಳಿದರು. ೧೬೮೦ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಇಗರ್ಜಿಯ ನೆಲವು ಆಕೆಯ ದತ್ತಿಯೆಂದು ಹೇಳುತ್ತಾರೆ. ಈಗಿನ ಕಟ್ಟಡ ೧೯೧೧ರದು. ಹಂಪನಕಟ್ಟೆಯ ಗದ್ದಲದ ನಡುವೆ ಇರುವ ಆ ಇಗರ್ಜಿಯ ಮುಂದೆ ನಿಂತು ಮಕ್ಕಳಿಗೆ ಕೆಳದಿಯ ಹೆಸರನ್ನು ಹೇಳಬೇಕು. ಸೋಲಿಸಿದವರಿಗೆ ಮತ್ತೆ ಜಾಗ ಕೊಟ್ಟದ್ದು ಔದಾರ್ಯವೋ ಲೆಕ್ಕಾಚಾರವೋ ಎಂದು ಮೇಲಿನ ತರಗತಿಯವರಿಗೆ ಚರ್ಚೆಗೆ ಕೊಡಬಹುದು. ಅಕ್ಕಿಗೆ ಕೊಳ್ಳುವವನು ಬೇಕಲ್ಲವೆ? ಎರಡೂ ಇದ್ದುವೆಂದೇ ನನ್ನ ಎಣಿಕೆ.

ಪೋರ್ಚುಗೀಸರ ಕೋಟೆ ಇಂದು ಕಾಣಸಿಗುವುದಿಲ್ಲ. ಅವರು ಬಿಟ್ಟುಹೋದದ್ದು ನಮ್ಮ ನಾಲಗೆಯ ಮೇಲಿದೆ. ಚಾವಿ, ಬಾಲ್ದಿ, ಅಲಮಾರು, ಇಸ್ತ್ರಿ, ಬಟಾಟೆ, ಅನಾನಸು ಮುಂತಾದ ಮಾತುಗಳೆಲ್ಲ ಅವರಿಂದ ಬಂದವು. ಗೇರುಮರವನ್ನು ತಂದವರೂ ಅವರೇ. ಮೆಣಸಿನಕಾಯಿಯೂ ಅವರ ಹಡಗಿನಲ್ಲಿ ಅಮೆರಿಕದಿಂದ ಬಂದುದು. ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಇಟ್ಟು ನಮ್ಮವರು ತಮ್ಮದನ್ನಾಗಿ ಮಾಡಿಕೊಂಡರು.

ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಲು ಅರ್ಧ ಗಂಟೆ ಸಾಕು. ಗುರುಪುರ ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪುವು ೧೭೮೪ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ ಕಾವಲು ಬುರುಜು ಇದು. ಅದೇ ವರ್ಷದ ಮಾರ್ಚ್ ೧೧ರಂದು ಇಂಗ್ಲಿಷರೊಡನೆ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷವೇ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸಂಖ್ಯೆಯ ವಿಷಯದಲ್ಲಿ ಲೇಖಕರಲ್ಲಿ ಒಮ್ಮತವಿಲ್ಲ, ಘಟನೆಯ ವಿಷಯದಲ್ಲಿ ಸಂದೇಹವಿಲ್ಲ. ಬುರುಜಿನ ಮೇಲೆ ನಿಂತು ಎರಡನ್ನೂ ಹೇಳುವ ಧೈರ್ಯ ಅಧ್ಯಾಪಕರಿಗಿರಬೇಕು. ೧೮೩೭ರ ರೈತ ಬಂಡಾಯದಲ್ಲಿ ಘಟ್ಟದ ತಪ್ಪಲಿನಿಂದ ಇಳಿದು ಬಂದ ಪಡೆ ಮಂಗಳೂರನ್ನು ಹದಿಮೂರು ದಿನ ಹಿಡಿದಿಟ್ಟಿತ್ತು. ಬಾವುಟಗುಡ್ಡದಲ್ಲಿ ಅದರ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ೨೦೨೨ರಲ್ಲಿ ನಿಲ್ಲಿಸಿದ್ದಾರೆ.

ಎರಡನೆಯ ದಿನವನ್ನು ಬಾಸೆಲ್ ಮಿಷನ್ನಿನ ಕುರುಹುಗಳಿಗೆ ಮೀಸಲಿಡುವುದು ಲೇಸು. ೧೮೩೪ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆಯಿಂದ ಮೂವರು ಪಾದ್ರಿಗಳು ಇಲ್ಲಿ ಬಂದಿಳಿದರು. ಅವರ ಮೂಲ ಉದ್ದೇಶ ಮತಪ್ರಚಾರ. ಅದನ್ನು ಮರೆಮಾಚಬೇಕಾದುದಿಲ್ಲ, ಅದೊಂದನ್ನೇ ಹಿಡಿದು ಉಳಿದದ್ದನ್ನು ಮರೆಯುವುದೂ ನ್ಯಾಯವಲ್ಲ. ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಜಿಡ್ಡಿನ ಮಸಿಯಿಂದ ಬರೆದ ಅಕ್ಷರಗಳನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಶಾಯಿ ಸವರಿ ಕಾಗದವನ್ನು ಒತ್ತುವ ವಿಧಾನವಿದು: ನೀರು ನಿಂತಲ್ಲಿ ಶಾಯಿ ಹಿಡಿಯದು, ಜಿಡ್ಡಿರುವಲ್ಲಿ ಹಿಡಿಯುವುದು. ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯಬೇಕಾಗಿಲ್ಲದ ಕಾರಣ ಕನ್ನಡ ಲಿಪಿಗೆ ಇದು ಅನುಕೂಲವಾಯಿತು. ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ವೃತ್ತಪತ್ರಿಕೆ. ಆ ದಿನವನ್ನು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಮೋಗ್ಲಿಂಗ್ ೧೮೪೮ರಿಂದ ೧೮೫೩ರ ಅವಧಿಯಲ್ಲಿ ಹೊರತಂದ ಕನ್ನಡ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳ ಜೊತೆಗೆ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಸೇರಿದ್ದವು. ಫ. ಗು. ಹಳಕಟ್ಟಿಯವರು ಹುಟ್ಟುವುದಕ್ಕೂ ಮೂರು ದಶಕ ಮೊದಲೇ ಅಣ್ಣನ ಚರಿತೆ ಕಡಲಂಚಿನ ಊರಿನ ಕಲ್ಲಿನಿಂದ ಅಚ್ಚಾಗಿ ಬಂದಿತ್ತು. ೧೮೯೪ರಲ್ಲಿ ಕಿಟೆಲರ ಎಪ್ಪತ್ತು ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಮಂಗಳೂರಿನಲ್ಲಿಯೇ. ಬಲ್ಮಠದ ಆವರಣದಲ್ಲಿ ಈ ಪರಂಪರೆಯ ನೆನಪುಗಳನ್ನು ಕಾಣಬಹುದು.

ಮತಾಂತರ ಹೊಂದಿದವರು ಮನೆ, ಕುಲ, ಕಸುಬುಗಳನ್ನು ಕಳೆದುಕೊಳ್ಳುತ್ತಿದ್ದರು. ಅವರಿಗೆ ಉದ್ಯೋಗ ಕಲ್ಪಿಸಲು ಹೊರಟ ಮಿಷನ್ ಮೊದಲು ನೇಯ್ಗೆ, ಬಳಿಕ ಹೆಂಚಿನ ಕೆಲಸವನ್ನು ಹಿಡಿಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ತಂತ್ರಜ್ಞ ಪಾದ್ರಿಯ ಪ್ರಯತ್ನದಿಂದ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಹೊಳೆದಂಡೆಯ ಜಿಗುಟು ಜೇಡಿಮಣ್ಣು, ಘಟ್ಟದ ಸೌದೆ, ಭಾರದ ಸರಕನ್ನು ಅಗ್ಗವಾಗಿ ಒಯ್ಯುವ ಜಲಮಾರ್ಗ, ಈ ಮೂರೂ ಒಂದೆಡೆ ಸಿಕ್ಕ ಊರು ಬೇರೆ ಯಾವುದಿತ್ತು? ಮಣ್ಣನ್ನು ನೆನೆಸಿ, ಹದ ಮಾಡಿ, ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು ಕ್ರಮ. ಅಂಚಿನ ತೋಡು ಮತ್ತು ಏಣುಗಳು ಒಂದರೊಳಗೊಂದು ಕೂರುವುದರಿಂದ ಗಾಳಿ ಮಳೆಗೆ ಜಗ್ಗದು. ನಾಡಹೆಂಚು ಮತ್ತು ಮುಳಿಹುಲ್ಲಿನ ಕಾಲ ಅಲ್ಲಿಗೆ ಹಿಂದಾಯಿತು. ಕೆಲವೇ ವರ್ಷಗಳಲ್ಲಿ ಊರಿನವರೂ ಕಾರ್ಖಾನೆಗಳನ್ನು ತೆರೆದರು. ‘ಮಂಗಳೂರು ಹೆಂಚು’ ಸಾಗರಗಳನ್ನು ದಾಟಿತು. ನಮ್ಮ ಮಲ್ಲೇಶ್ವರದ ಹಳೆಯ ಮನೆಗಳ ಮೇಲೂ ಅದೇ ಹೆಂಚು. ಕೆಳಗಿಳಿಸಿದ ಹೆಂಚೊಂದು ಸಿಕ್ಕರೆ ಮಗುಚಿ ನೋಡಬೇಕು, ತಯಾರಕರ ಹೆಸರು ಅಚ್ಚೊತ್ತಿರುತ್ತದೆ. ಹಳೆಯ ಹೆಂಚುಗಳಲ್ಲಿ ಇಸವಿಯೂ ಉಂಟು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಶತ್ರುಗಳೆನಿಸಿದಾಗ ಮಿಷನ್ನಿನ ಉದ್ದಿಮೆಗಳನ್ನು ಸರ್ಕಾರ ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಹೆಂಚಿಗೆ ನಿಜವಾದ ಪೆಟ್ಟು ಬಿದ್ದುದು ಬಹಳ ತಡವಾಗಿ, ಕಾಂಕ್ರೀಟಿನ ತಾರಸಿಯಿಂದ. ಮಣ್ಣೂ ಸೌದೆಯೂ ದುರ್ಲಭವಾದವು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಮುಚ್ಚುತ್ತಲಿವೆ. ಹೊಗೆಕೊಳವೆಗಳಿದ್ದ ನಿವೇಶನಗಳಲ್ಲಿ ಬಹುಮಹಡಿಯ ವಸತಿಗಳು ಏಳುತ್ತಿವೆ. ಪ್ರವಾಸವನ್ನು ಮುಂದಿನ ವರ್ಷಕ್ಕೆಂದು ಮುಂದೂಡಬಾರದೆನ್ನಲು ನನ್ನಲ್ಲಿರುವ ಮುಖ್ಯ ಕಾರಣ ಇದು. ಇಗರ್ಜಿ, ಮಸೀದಿ, ದೇವಾಲಯಗಳಿಗೆ ಭಕ್ತರು ಇದ್ದಾರೆ, ಅವು ಉಳಿಯುತ್ತವೆ. ಸರಕಿನ ಉಗ್ರಾಣಕ್ಕೂ ಹೆಂಚಿನ ಗೂಡಿಗೂ ಭಕ್ತರಿಲ್ಲ.

೧೮೮೦ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ತಪ್ಪದೆ ನೋಡಬೇಕು. ಇಟಲಿಯ ಬೆರ್ಗಮೋ ಪ್ರಾಂತದ ಅಂತೋನಿಯೋ ಮೊಸ್ಕೇನಿ ಎಂಬ ಜೆಸುಯಿಟ್ ಸಹೋದರನು ೧೮೯೯ರಿಂದ ೧೯೦೧ರವರೆಗೆ ಅದರ ಗೋಡೆಗಳನ್ನೂ ಮಾಳಿಗೆಯನ್ನೂ ಚಿತ್ರಗಳಿಂದ ತುಂಬಿದನು. ಗೋಡೆಯ ಮೇಲಿನವು ಹಸಿಗಾರೆಯ ಚಿತ್ರಗಳು: ಗಾರೆ ಆರುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ತಿದ್ದಲು ಅವಕಾಶವಿಲ್ಲ. ಮಾಳಿಗೆಯವು ಬಟ್ಟೆಯ ಮೇಲಿನ ತೈಲಚಿತ್ರಗಳು. ಕರಾವಳಿಯ ತೇವದಿಂದ ಕಳೆಗುಂದಿದ್ದ ಅವನ್ನು ೧೯೯೧ರಿಂದ ೧೯೯೪ರವರೆಗೆ ಇಂಟ್ಯಾಕ್ ಸಂಸ್ಥೆಯವರು ಶುದ್ಧಗೊಳಿಸಿದರು. ಮೊಸ್ಕೇನಿ ತನ್ನ ದೇಶಕ್ಕೆ ಮರಳಲಿಲ್ಲ. ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು.

ಪಣಂಬೂರಿನ ನವಮಂಗಳೂರು ಬಂದರು ೧೯೭೫ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನೆಲವನ್ನು ಅಗೆದು ಕಡಲನ್ನು ಒಳಗೆ ತಂದ ಸರ್ವಋತು ಬಂದರು ಇದು. ಆಟಿಯ ಮಳೆಗೂ ಇದರ ಬಾಗಿಲು ಮುಚ್ಚದು. ಕುದುರೆಮುಖದ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ಅಲ್ಲಿನ ಗಣಿಗಾರಿಕೆ ೨೦೦೫ರ ಕೊನೆಗೆ ನಿಂತಿತು. ಈಗ ಕಚ್ಚಾತೈಲ, ಕಲ್ಲಿದ್ದಲುಗಳು ಬರುತ್ತವೆ, ಕಾಫಿ ಹೋಗುತ್ತದೆ. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು. ಅದು ದೊರೆಯದಿದ್ದರೆ ಮರುಗಬೇಕಾದುದಿಲ್ಲ, ಹಳೆಯ ಬಂದರೇ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.

ಯಶವಂತಪುರದಿಂದ ಹಾಸನ, ಸಕಲೇಶಪುರ ಮಾರ್ಗದ ರೈಲಿನಲ್ಲಿ ಹಗಲು ಹೊತ್ತು ಹೋಗುವುದು ಉತ್ತಮ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು ಐವತ್ತೈದು ಕಿಲೋಮೀಟರಿನಲ್ಲಿ ಐವತ್ತೇಳು ಸುರಂಗಗಳಿವೆ. ಘಟ್ಟ ಇಳಿಯುವುದೆಂದರೇನೆಂದು ಮಕ್ಕಳು ಅಲ್ಲಿಯೇ ಅರಿಯುತ್ತಾರೆ. ಡಿಸೆಂಬರ್, ಜನವರಿ ತಿಂಗಳುಗಳು ಪ್ರಶಸ್ತ. ಬಂದರಿನ ಪೇಟೆಗೆ ಬೆಳಗಿನ ಹೊತ್ತಿನಲ್ಲಿ ಹೋಗಬೇಕು. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಇಟ್ಟಿಗೆಗಳನ್ನು ತುಂಬುವುದನ್ನು ಆಗ ಕಾಣಬಹುದು. ಅಲ್ಲಿಂದಲೇ ಬೆಂಗ್ರೆಗೆ ಜನರನ್ನು ದಾಟಿಸುವ ದೋಣಿ ಹೊರಡುತ್ತದೆ. ದೋಣಿ ನಡುನೀರಿಗೆ ಬಂದಾಗ ಮಕ್ಕಳನ್ನು ಊರಿನ ಕಡೆಗೆ ಮುಖ ಮಾಡಿ ಕೂರಿಸಿ, ತೆಂಗಿನ ತೋಪುಗಳ ಮೇಲೆ ಇನ್ನೂ ಉಳಿದಿರುವ ಹೆಂಚಿನ ಮಾಡುಗಳನ್ನು ಎಣಿಸಲು ಹೇಳಬಹುದು.